ಗೇಟಿನ ಬಳಿಯ ಹುಡುಗ

ಮಾರ್ಚ್ ಹನ್ನೊಂದು, ಮಂಗಳವಾರ. ಬೆಳಿಗ್ಗೆ ಠಾಣೆಯಲ್ಲಿ ಟೀಗೆ ನೀರು ಕಾಯಲು ಇಟ್ಟಿದ್ದಷ್ಟೇ, ದೂರು ಬಂತು. ನೆದರ್ ಹ್ಯಾಟನ್ ಹಳ್ಳಿಯ ಸಭಾಭವನದಲ್ಲಿ ಕಳವಾಗಿತ್ತು. ಹೋದದ್ದು ಅಂಗೈ ಅಗಲದ ಒಂದು ಬಟ್ಟೆ.

ದೂರುದಾರ ಹಾಲ್ಡೇನ್ ಊರಿನ ಪಂಚಾಯಿತಿ ಅಧ್ಯಕ್ಷ. ಮೇಲಧಿಕಾರಿಗಳಿಗೂ ಫೋನ್ ಮಾಡಿಯಾಗಿತ್ತು. ಹಾಗಾಗಿ ಅಂಗೈ ಅಗಲದ ಬಟ್ಟೆ ಹುಡುಕಲು ಇನ್ಸ್‌ಪೆಕ್ಟರ್ ಪ್ರೋಬರ್ಟ್ ಅವರೇ ಹೊರಡಬೇಕಾಯಿತು. ಜೊತೆಗೆ ಪಕ್ಕದೂರಿನವಳಾದ ಕಾನ್‌ಸ್ಟೆಬಲ್ ಗ್ವೆನ್ ಬೆವನ್.

ಭವನದ ಗೋಡೆಯ ಮೇಲೆ ಇಡೀ ಹಳ್ಳಿಯ ಕಸೂತಿ ನಕ್ಷೆ ತೂಗುತ್ತಿತ್ತು. ಎರಡು ಸಾವಿರನೇ ಇಸವಿ ಬಂದಾಗ ಊರಿನ ಹೆಂಗಸರು ಒಟ್ಟಿಗೆ ಕೂತು ಹೊಲಿದದ್ದು. ಅವರವರ ಮನೆಗೆ ಅವರವರದೇ ಸೂಜಿ ಎಂದು ಆಗಲೇ ಮಾತಾಗಿತ್ತು. ಚರ್ಚು, ಪಬ್ಬು, ಬಾತುಗಳ ಕೊಳ ಎಲ್ಲ ಇದ್ದವು. ಕಮ್ಮಾರನ ಮನೆ ಇದ್ದ ಕಡೆ ಮಾತ್ರ ಚೌಕಾಕಾರದ ತೂತು.

ಪಾದ್ರಿಯನ್ನೂ ಪಬ್ಬಿನ ಮಾಲೀಕನನ್ನೂ ಸಾಕ್ಷಿಗಳಾಗಿ ನಿಲ್ಲಿಸಿಕೊಂಡು ಪಂಚನಾಮೆ ಶುರುವಾಯಿತು. ಬಾಗಿಲು ಒಡೆದಿರಲಿಲ್ಲ.

"ಬೀಗದ ಕೈ ಎಲ್ಲಿರುತ್ತೆ?"

"ಹೂಕುಂಡದ ಕೆಳಗೆ," ಎಂದ ಪಬ್ಬಿನವನು.

"ಯಾರಿಗೆಲ್ಲ ಗೊತ್ತು?"

"ಯಾರಿಗೆ ಗೊತ್ತಿಲ್ಲ ಅಂತ ಕೇಳಿ ಸಾರ್, ಬೇಗ ಮುಗಿಯುತ್ತೆ. ಹಾಲ್ಡೇನ್ ಸಾಹೇಬ್ರಿಗೆ ಗೊತ್ತಿಲ್ಲ."

ಪಾದ್ರಿ ಕೆಮ್ಮಿ ಕಿಟಕಿಯತ್ತ ನೋಡಿದರು.

ಪ್ರೋಬರ್ಟ್ ನಕ್ಷೆಯ ಹಿಂಬದಿಯನ್ನು ತಿರುಗಿಸಿದರು. ಕತ್ತರಿಸಿದ ಅಂಚನ್ನು ಸುತ್ತಲೂ ಮಡಿಚಿ ಹೊಲಿಯಲಾಗಿತ್ತು. ಪಕ್ಕದ ಮನೆಯ ತುಂಡಾದ ಎಳೆಗಳನ್ನು ಒಂದೊಂದಾಗಿ ಒಳಗೆ ಸೇರಿಸಿ ಭದ್ರ ಮಾಡಲಾಗಿತ್ತು. ಕಳವು ಮಾಡಿದವರು ಕೂತು ರಿಪೇರಿಯನ್ನೂ ಮಾಡಿ ಹೋಗಿದ್ದರು. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಇಂಥ ಕಳ್ಳರನ್ನು ಅವರು ಕಂಡಿರಲಿಲ್ಲ.

ಹೊಲಿದ ಹೆಂಗಸರನ್ನು ಒಬ್ಬೊಬ್ಬರಾಗಿ ಕರೆಸಿದರು. ಮೊದಲು ಬಂದವಳು ಪಕ್ಕದ ಮನೆಯ ಡಾರ್ಕಸ್.

"ಈ ಹೊಲಿಗೆ ಯಾರ ಕೈಯದು?"

ಡಾರ್ಕಸ್ ತನ್ನ ಮನೆಯ ಗೋಡೆಯ ಮೇಲೆ ಬೆರಳಾಡಿಸಿದಳು. "ಕಣ್ಣು ಸರಿಯಾಗಿ ಕಾಣಲ್ಲ ಸಾರ್."

ಎರಡನೆಯವಳಿಗೂ ಕಣ್ಣು ಕಾಣುತ್ತಿರಲಿಲ್ಲ. ಮೂರನೆಯವಳು ಕನ್ನಡಕ ಮರೆತು ಬಂದಿದ್ದಳು. ಕನ್ನಡಕ ತಲೆಯ ಮೇಲೇ ಇತ್ತು.

"ಇಡೀ ಊರಿಗೆ ಒಂದೇ ದಿನ ಪೊರೆ ಬಂದಿದೆ," ಎಂದು ಪ್ರೋಬರ್ಟ್ ಗೊಣಗಿದರು. ಕಳ್ಳರ ಮೇಲೆ ಊರಿಗೆ ಸಿಟ್ಟಿಲ್ಲ, ಪ್ರೀತಿಯಿದೆ ಎಂಬುದು ಅವರಿಗೆ ಅರ್ಥವಾಗಿತ್ತು.

ಕಮ್ಮಾರನ ಮನೆಯಲ್ಲಿ ಈಗ ಇರುವವನು ಹಾಲ್ಡೇನನೇ. ಮಧ್ಯಾಹ್ನ ಅಲ್ಲಿಗೆ ಹೋದರು.

"ನಿಮ್ಮ ಮನೆಯ ಚಿತ್ರಾನೇ ಯಾಕೆ ಹೋಯ್ತು?"

"ಹೊಟ್ಟೆಕಿಚ್ಚು, ಇನ್ನೇನು? ಭವನಕ್ಕೆ ಹೊಸ ಸೂರು ಹಾಕಿಸಿಕೊಡ್ತಿರೋನು ನಾನು. ಪ್ರತಿಯಾಗಿ ಏನು ಕೇಳ್ದೆ? ಚಿತ್ರದಲ್ಲಿ ಮನೆ ಈಗಿರೋ ಹಾಗೆ ಇರಲಿ ಅಂತ. ಗೇಟಿನ ಹತ್ರ ಯಾವುದೋ ಹುಡುಗ ನಿಂತಿದ್ದ. ಅವನನ್ನ ಬಿಚ್ಚಿ ನಮ್ಮ ನಾಯಿ ಹಾಕಿ ಅಂದೆ. ಹೋದ ವಾರದ ಸಭೇಲಿ ಎಲ್ಲರೂ ಒಪ್ಪಿದ್ರು."

"ಒಪ್ಪಿದ್ರಾ?"

"ಯಾರೂ ಬೇಡ ಅನ್ನಲಿಲ್ಲ."

"ಆ ಹುಡುಗನ್ನ ಹೊಲಿದೋರು ಯಾರು?"

"ಮೊದಲು ಇಲ್ಲಿದ್ದ ಮುದುಕಿ. ಹೆಸರು ನೆನಪಿಲ್ಲ. ಆ ಸಭೆ ದಿನ ನಮಗೆಲ್ಲ ಟೀ ಕೊಟ್ಟೋಳೂ ಅವಳೇ."

ಹೊರಗೆ ಬಂದು ಕಾರಿನಲ್ಲಿ ಕೂತ ಮೇಲೆ ಬೆವನ್ ಹೇಳಿದಳು. "ಹಿಲ್ಡಾ ಟ್ರಾಂಟರ್ ಸಾರ್. ಚರ್ಚಿನ ಹಿಂದೆ ಬಡವರ ಮನೆಗಳಿವೆಯಲ್ಲ, ಅಲ್ಲಿದಾರೆ." ಕಾರು ಚಾಲೂ ಮಾಡುತ್ತಾ, "ಮಗ ಲೆನ್ನಿ. ಆರು ವರ್ಷಕ್ಕೇ ಜ್ವರ ಬಂದು ಹೋದ. ನಮ್ಮಜ್ಜಿ ಹೇಳ್ತಿದ್ರು," ಎಂದಳು.

ಹಿಲ್ಡಾ ಬಾಗಿಲು ತೆರೆದು ಸಮವಸ್ತ್ರ ನೋಡಿದರು. ಗಾಬರಿಯಾಗಲಿಲ್ಲ.

"ಬಾ ಗ್ವೆನ್. ಅಜ್ಜಿ ಮಂಡಿನೋವು ಹೇಗಿದೆ? ನೀವೂ ಬನ್ನಿ ಇನ್ಸ್‌ಪೆಕ್ಟ್ರೇ, ಕಾಲು ಒರೆಸ್ಕೊಂಡು."

"ಮಿಸೆಸ್ ಟ್ರಾಂಟರ್, ಆ ಬಟ್ಟೆ ನೀವು ತಗೊಂಡ್ರಾ?"

"ಹೂಂ. ಡಾರ್ಕಸ್ ಗೋಡೆ ಬಿಚ್ಚಿಕೊಂಡಿಲ್ಲ ತಾನೆ? ಕತ್ತರಿ ಹಾಕೋವಾಗ ಅದೇ ಭಯ ಆಗಿತ್ತು."

"ಸಭೇಲಿ ಬೇಡ ಅಂತ ಹೇಳಬಹುದಿತ್ತಲ್ಲ?"

"ಸೂರು ಸೋರ್ತಿತ್ತಲ್ಲಪ್ಪ. ಊರೆಲ್ಲ ಒದ್ದೆ ಆಗೋ ಬದಲು ನಾನೊಬ್ಬಳು ಬಾಯಿ ಮುಚ್ಕೊಂಡ್ರೆ ಆಯ್ತು ಅಂದ್ಕೊಂಡೆ."

ಬಟ್ಟೆ ದಿಂಬಿನ ಮೇಲಿತ್ತು. ಕೆಂಪು ಇಟ್ಟಿಗೆಯ ಮನೆ, ಹಸಿರು ಗೇಟು, ಅದರ ಪಕ್ಕ ಹೆಬ್ಬೆಟ್ಟಿನಷ್ಟು ಎತ್ತರದ ಹುಡುಗ. ಪ್ರೋಬರ್ಟ್ ಬಗ್ಗಿ ನೋಡಿದರು. ಹುಡುಗನ ತಲೆಯಲ್ಲಿದ್ದದ್ದು ನೂಲಲ್ಲ. ಅದು ಕೂದಲು, ತೆಳು ಕಂದು ಬಣ್ಣದ್ದು.

"ಮೊದಲನೇ ಸಲ ಕಟಿಂಗ್ ಮಾಡಿಸಿದಾಗ ಎತ್ತಿಟ್ಟಿದ್ದೆ," ಎಂದರು ಹಿಲ್ಡಾ. "ಯಾರಿಗೂ ಹೇಳಿರಲಿಲ್ಲ. ಅವರೆಲ್ಲ ಪಕ್ಕದಲ್ಲೇ ಕೂತು ಹೊಲೀತಿದ್ರು, ನೋಡಿರ್ತಾರೆ. ಅವನನ್ನ ಬಿಚ್ಚಿ ಕಸದ ಬುಟ್ಟಿಗೆ ಹಾಕ್ತಿದ್ರು ಗ್ವೆನ್."

ದಸ್ತಗಿರಿಯ ಮಾತುಗಳನ್ನು ಪ್ರೋಬರ್ಟ್ ಬಾಯಿಪಾಠದಂತೆ ಹೇಳಿ ಮುಗಿಸಿದರು. ಬೆವನ್ ಬಟ್ಟೆಯನ್ನು ಮುದ್ದೆಮಾಲಿನ ಚೀಲಕ್ಕೆ ಹಾಕಲು ಹೋದಾಗ ಹಿಲ್ಡಾ ಅವಳ ಕೈ ಹಿಡಿದರು.

"ಮಡಚಬೇಡ ಮಗಾ. ಮುಖದ ಮೇಲೆ ಗೆರೆ ಬೀಳುತ್ತೆ."

ಠಾಣೆಯವರೆಗೂ ಪ್ರೋಬರ್ಟ್ ಅದನ್ನು ತೊಡೆಯ ಮೇಲೆ ಹರಡಿಕೊಂಡೇ ಬಂದರು.

ಹಾಲ್ಡೇನ್ ಫೋನಿನಲ್ಲಿ ಜಗ್ಗಲಿಲ್ಲ. ಬಟ್ಟೆ ಭವನದ ಸ್ವತ್ತು, ಇದು ನಿಯಮದ ಪ್ರಶ್ನೆ ಎಂದ. ಅವನು ಹೇಳಿದ್ದರಲ್ಲಿ ತಪ್ಪೂ ಇರಲಿಲ್ಲ. ಪ್ರೋಬರ್ಟ್ ಫೋನ್ ಇಟ್ಟರು. ಅವರಿಗೆ ತಮ್ಮ ನೌಕರಿಯ ಮೇಲೆ ಅಸಹ್ಯವಾಯಿತು. ಎದ್ದು ಹಿಲ್ಡಾ ಕೂತಿದ್ದ ಕೋಣೆಗೆ ಬಂದರು.

"ಎಚ್ಚರಿಕೆ ಕೊಟ್ಟು ಮನೆಗೆ ಕಳಿಸ್ತೀವಿ. ಕೇಸು ಕೋರ್ಟಿಗೆ ಹೋಗಲ್ಲ," ಎಂದರು. "ಬಟ್ಟೆ, ನೂಲು ಭವನಕ್ಕೆ ವಾಪಸ್ ಹೋಗಬೇಕು. ಆದರೆ ಕೂದಲು ಭವನದ್ದಲ್ಲ, ನಿಮ್ಮದು."

ಹಿಲ್ಡಾಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. "ನಾನೇ ಬಿಚ್ಚಬೇಕಾ?"

ಬೆವನ್ ದೀಪವನ್ನು ಹತ್ತಿರಕ್ಕೆ ಸರಿಸಿ ಕೊಟ್ಟಳು. ಹಿಲ್ಡಾ ಕೈಚೀಲದಿಂದ ಸೂಜಿ ತೆಗೆದರು. ಒಂದೊಂದೇ ಎಳೆ ಬಿಡಿಸುವಾಗ, ಮಗುವಿನ ತಲೆಯಲ್ಲಿ ಸಿಕ್ಕು ಬಿಡಿಸುವವರು ಹೇಳುವ ಹಾಗೆ, "ಆಯ್ತು ಕಂದಾ, ಆಯ್ತು, ಮುಗೀತು," ಎನ್ನುತ್ತಿದ್ದರು. ಎಲ್ಲ ಬಿಡಿಸಿದ ಮೇಲೆ ಕರವಸ್ತ್ರದಲ್ಲಿ ಒಂದು ಚಿಟಿಕೆಯಷ್ಟು ಕೂದಲಿತ್ತು.

ಡಾರ್ಕಸ್ ಆ ತುಂಡನ್ನು ಮತ್ತೆ ನಕ್ಷೆಗೆ ಕೂಡಿಸಿದಳು. ಕೂದಲಿಲ್ಲದ ಹುಡುಗ ಈಗಲೂ ಗೇಟಿನ ಬಳಿ ನಿಂತಿದ್ದಾನೆ. ಅವನನ್ನು ಬಿಚ್ಚಿ ನಾಯಿ ಹಾಕಿ ಎಂದು ಹಾಲ್ಡೇನ್ ಎರಡು ಸಲ ಕೇಳಿ ನೋಡಿದ. ನೆದರ್ ಹ್ಯಾಟನ್ನಿನ ಹೆಂಗಸರಿಗೆ ಇನ್ನೂ ಕಣ್ಣು ಸರಿಯಾಗಿ ಕಾಣುತ್ತಿಲ್ಲ.