ಹಿತ್ತಲಲ್ಲಿದ್ದ ಎರಡು ಪಾದ

"ನಿಲ್ಲಿಸಿ! ನಿಲ್ಸಿ ಅಂದ್ರೆ!"

ಅವಳು ಕಿರುಚಿದ್ದು ಯಾರಿಗೂ ಕೇಳಿಸಲಿಲ್ಲ. ಹಿತ್ತಲಲ್ಲಿ ನೆಲ ತೊಳೆಯುವ ಮಿಶಿನ್ ಅಷ್ಟು ಜೋರಾಗಿ ಆರ್ಭಟಿಸುತ್ತಿತ್ತು. ಮೊಣಕಾಲವರೆಗೆ ರಬ್ಬರ್ ಬೂಟು ಹಾಕಿಕೊಂಡ ಯಾರೋ ಒಬ್ಬ, ಇವಳಿಗೆ ಬೆನ್ನು ಮಾಡಿ, ಉದ್ದನೆಯ ಗನ್ ಹಿಡಿದು ಸಿಮೆಂಟಿನ ನೆಲಕ್ಕೆ ನೀರು ಹೊಡೆಯುತ್ತಿದ್ದ. ವರ್ಷಗಳಿಂದ ಕಪ್ಪು ಪಾಚಿ ಹಿಡಿದಿದ್ದ ನೆಲ ನಿನ್ನೆ ಮೊನ್ನೆ ಹಾಕಿಸಿದಂತೆ ಬೆಳ್ಳಗಾಗಿತ್ತು.

ಅವಳು ಕೈಯಲ್ಲಿದ್ದ ಬಕೆಟ್ ಎಸೆದು ಓಡಿದಳು. ನಲ್ಲಿಯ ಪಕ್ಕ... ಇಲ್ಲೇ... ಇಲ್ಲೇ ಇರಬೇಕಿತ್ತು...

ಇರಲಿಲ್ಲ.

ಒದ್ದೆ ನೆಲದ ಮೇಲೆ ಅವಳು ಕುಸಿದು ಕುಳಿತದ್ದನ್ನು ಕಂಡು ಅವನು ಗಾಬರಿಯಿಂದ ಎಂಜಿನ್ ಆರಿಸಿದ.

"ಏನಾಯ್ತು ಮೇಡಂ? ಜಾರಿ ಬಿದ್ರಾ?" ಎಂಜಿನ್ ನಿಂತಿದ್ದರೂ ಅವನು ಕೂಗಿಯೇ ಕೇಳಿದ. ಮಿಶಿನ್ ಪಕ್ಕದಲ್ಲಿ ನಿಂತೂ ನಿಂತೂ ಅವನ ಕಿವಿ ಮಂದವಾಗಿತ್ತು.

"ಇಲ್ಲಿ ತೊಳೀರಿ ಅಂತ ನಿಮಗೆ ಯಾರು ಹೇಳಿದ್ದು? ಯಾರು?"

ಅವನು ಬಾಯಿ ತೆರೆದ. ಅವನ ಕಣ್ಣು ಅಡುಗೆಮನೆಯ ಬಾಗಿಲ ಕಡೆ ಹೋಯಿತು. ಅಲ್ಲಿ ಅವಳ ಅತ್ತೆ ಬಾಯಿಗೆ ಕೈ ಒತ್ತಿಕೊಂಡು ನಿಂತಿದ್ದರು. ಅವನು ತೆರೆದ ಬಾಯಿ ಮುಚ್ಚಿ, ನೆಲ ನೋಡಿದ.

"ಯಾರೂ ಹೇಳ್ಲಿಲ್ಲ ಮೇಡಂ. ಮಿಶಿನ್ ಹೇಗೆ ಕೆಲಸ ಮಾಡುತ್ತೆ ಅಂತ ತೋರ್ಸೋಣ ಅಂತ... ನಾನೇ ಶುರು ಮಾಡ್ದೆ. ತಪ್ಪಾಯ್ತು."

"ತಪ್ಪಾಯ್ತಾ? ನೀವು ಏನು ತೊಳೆದುಹಾಕಿದ್ರಿ ಅಂತಾದ್ರೂ ಗೊತ್ತಾ ನಿಮಗೆ? ನಡೀರಿ ಹೊರಗೆ!"

ಅವನು ಪೈಪು ಸುತ್ತಿಕೊಂಡು ಹೋದ. ಹೋಗುವಾಗ ಒಮ್ಮೆಯೂ ಹಿಂದಿರುಗಿ ನೋಡಲಿಲ್ಲ.

ಅವನು ತೊಳೆದದ್ದು ಅವಳ ಗಂಡನ ಎರಡು ಪಾದಗಳನ್ನು.

ಗಂಡ ಹೆಂಡತಿ ಇಬ್ಬರದೂ ಒಂದೇ ಕಸುಬು, ಊರಿನ ಕಿಟಕಿ ಗಾಜು ಒರೆಸುವುದು. ಅವನು ಏಣಿ ಹತ್ತುತ್ತಿದ್ದ, ಅವಳು ಏಣಿಯ ಬುಡ ಹಿಡಿಯುತ್ತಿದ್ದಳು. ದಿನಾ ಬೆಳಗ್ಗೆ ಅವನು ಆ ನಲ್ಲಿಯ ಪಕ್ಕ ಬರಿಗಾಲಲ್ಲಿ ನಿಂತು ಸೋಪಿನ ನೀರು ಕಲಸುತ್ತಿದ್ದ. ಅದೇ ಜಾಗ, ಅದೇ ನಿಲುವು. ನೆಲಕ್ಕೆಲ್ಲ ಪಾಚಿ ಹಬ್ಬಿದರೂ ಅವನು ನಿಲ್ಲುತ್ತಿದ್ದಲ್ಲಿ ಹಬ್ಬಲಿಲ್ಲ. ಹೀಗೆ ಕಪ್ಪು ನೆಲದ ನಡುವೆ ಎರಡು ಬಿಳಿ ಪಾದ ಮೂಡಿದ್ದವು.

"ನೋಡೇ, ನಾನು ಮನೇಲಿಲ್ದಿದ್ರೂ ಇಲ್ಲೇ ನಿಂತಿರ್ತೀನಿ," ಎಂದು ಅವನು ನಗುತ್ತಿದ್ದ. ನಗುವಿಗೆ ಹೇಳಿದ ಮಾತು ಹಾಗೆ ನಿಜವಾಗಬೇಕೇ!

ಆ ದಿನ ನೀರು ಕೊಳೆಯಾಗಿತ್ತು. "ಬೇರೆ ನೀರು ತಗೊಂಡ್ ಬಾ, ಅಷ್ಟರಲ್ಲಿ ನಾನು ಈ ಮೂಲೆ ಮುಗಿಸ್ತೀನಿ," ಎಂದು ಅವನೇ ಮೇಲಿನಿಂದ ಹೇಳಿದ. ಅವಳು ಏಣಿ ಬಿಟ್ಟು ಹೋದಳು. ಬಕೆಟ್ ತುಂಬಿಸಿಕೊಂಡು ಬರುವಷ್ಟರಲ್ಲಿ ಏಣಿಯೂ ನೆಲದ ಮೇಲಿತ್ತು, ಅವನೂ...

ಅತ್ತೆ ಒಂದೇ ಒಂದು ಮಾತು ಅನ್ನಲಿಲ್ಲ. ಯಾಕೆ ಕೈಬಿಟ್ಟೆ ಎಂದು ಕೇಳಿದ್ದರೆ ಅವಳಿಗೆ ಅಳುವುದಾದರೂ ಸುಲಭವಾಗುತ್ತಿತ್ತೇನೋ. ಆ ಹೆಂಗಸು ಮಗನನ್ನು ಕಳೆದುಕೊಂಡು ಸೊಸೆಗೆ ಊಟ ಬಡಿಸಿದರು. ಅಂದಿನಿಂದ ಅವಳು ಏಣಿ ಮುಟ್ಟಿರಲಿಲ್ಲ. ದಿನಾ ಬೆಳಗ್ಗೆ ಟೀ ಹಿಡಿದು ಆ ಪಾದಗಳ ಎದುರು ನಿಲ್ಲುತ್ತಿದ್ದಳು. ಪಾಚಿ ಒಳಗೆ ನುಗ್ಗದಂತೆ ಹಳೆಯ ಬ್ರಷ್‌ನಿಂದ ಅಂಚು ಕೆರೆಯುತ್ತಿದ್ದಳು. ಊರಿನ ಕೊಳೆಯನ್ನೆಲ್ಲ ಒರೆಸುವವಳು ತನ್ನ ಹಿತ್ತಲ ಕೊಳೆಯನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದಿದ್ದಳು. ಸುತ್ತಲಿನ ಕಪ್ಪು ಇದ್ದರೆ ತಾನೆ ಆ ಪಾದ ಕಾಣುವುದು?

ಈಗ ನೆಲವೆಲ್ಲ ಬಿಳುಪು. ಪಾದ ಎಲ್ಲಿ ಎಂದು ಹುಡುಕುವುದು?

ಕೆಲವು ದಿನ ಕಳೆದ ಮೇಲೆ ಅತ್ತೆಯೇ ಮಾತು ತೆಗೆದರು.

"ಆ ಮಿಶಿನಪ್ಪನ್ನ ಜೊತೆಗೆ ಸೇರಿಸ್ಕೊಳ್ಳೋಣ ಕಣೇ."

"ಯಾರು... ಅವನಾ? ಅತ್ತೆ, ಅವನು ಮಾಡಿದ್ದನ್ನ ನೋಡಿನೂ ನೀವು..."

"ನೀನು ಏಣಿ ಹತ್ತಲ್ಲ ಅಂತೀಯ. ಹತ್ಬೇಡ. ನಾನೂ ಹತ್ತು ಅನ್ನಲ್ಲ. ಆದ್ರೆ ನೆಲದ ಮೇಲೆ ನಿಂತು ಒರೆಸೋ ಕಿಟಕಿಗಳನ್ನ ನಂಬ್ಕೊಂಡು ಎಷ್ಟು ದಿನ ಇರ್ತೀಯ? ಜನ ಈಗ ಗೋಡೆ, ಗೇಟು, ನೆಲ ಎಲ್ಲಾ ಒಟ್ಟಿಗೆ ತೊಳ್ಕೊಡಿ ಅಂತಿದಾರೆ. ಮಿಶಿನ್ ಅವನ ಹತ್ರ ಇದೆ, ಗಿರಾಕಿ ನಿನ್ನ ಹತ್ರ ಇದಾರೆ. ನನ್ನ ಮಗ ಕಟ್ಟಿದ ಕಸುಬು ಕಣೇ ಇದು... ಇದೂ ಹೋಗೋದು ಬೇಡ."

ಆ ಕೊನೆಯ ಮಾತಿಗೆ ಅವಳು ಸೋತಳು. ಒಪ್ಪಿದಳು. ಆದರೆ ಒಂದು ಷರತ್ತು ಹಾಕಿದಳು, ಅವನು ಹಿತ್ತಲಿಗೆ ಕಾಲಿಡಬಾರದು.

ಮಿಶಿನಪ್ಪ ತಲೆಯಾಡಿಸಿದ. "ಗೇಟಿನ ಹತ್ರಾನೇ ನಿಂತ್ಕೋತೀನಿ ಮೇಡಂ!" ಎಂದು ಇಡೀ ಬೀದಿಗೆ ಕೇಳುವಂತೆ ಮಾತು ಕೊಟ್ಟ.

ಮೊದಲ ಕೆಲಸ ಒಬ್ಬ ಹಲ್ಲಿನ ಡಾಕ್ಟರ ಕ್ಲಿನಿಕ್. ಅವಳು ತನ್ನ ರೂಢಿಯಂತೆ ಬಂದವಳೇ ಗಾಜು ಒರೆಸಿ, ಮುಖ ನೋಡಿಕೊಳ್ಳುವಂತೆ ಹೊಳೆಸಿದಳು. ಆಮೇಲೆ ಅವನು ಗೋಡೆಗೆ ನೀರು ಬಿಟ್ಟ. ಗೋಡೆಯ ಮಣ್ಣೆಲ್ಲ ಹಾರಿ ಗಾಜಿಗೆ ಬಡಿಯಿತು!

"ಏನ್ರೀ ಇದು?"

"ಮೇಡಂ, ಗೋಡೆ ಮೊದ್ಲು ತೊಳೀತೀನಿ ಅಂದೆ. ನೀವೇ ಗಾಜು ಮೊದ್ಲು ಅಂದ್ರಿ."

"ಮತ್ತೆ ಜೋರಾಗಿ ಹೇಳೋಕೇನು ಕಷ್ಟ?"

"ಜೋರಾಗೇ ಹೇಳ್ದೆ ಮೇಡಂ. ಒಳಗಿರೋ ಪೇಷಂಟ್ ಬಾಯಿ ಮುಚ್ಕೊಂಡ್ಬಿಟ್ರು."

ಅವಳಿಗೆ ನಗು ಬಂತು. ತಡೆದುಕೊಂಡಳು, ಆದರೂ ಬಂತು. ಗಂಡ ಹೋದ ಮೇಲೆ ನಕ್ಕಿದ್ದು ಅದೇ ಮೊದಲು. ಮರುಕ್ಷಣವೇ ಏನೋ ಕದ್ದವಳಂತೆ ಮುಖ ತಿರುಗಿಸಿ, ಗಾಜನ್ನು ಮೊದಲಿನಿಂದ ಒರೆಸತೊಡಗಿದಳು.

ಕೆಲಸ ಕೂಡಿಬಂತು. ಅವನು ಮುಂದೆ ಗೋಡೆ ತೊಳೆದುಕೊಂಡು ಹೋದರೆ ಅವಳು ಹಿಂದೆ ಗಾಜು ಒರೆಸಿಕೊಂಡು ಬರುತ್ತಿದ್ದಳು. ಕಿಟಕಿ ಹತ್ತಿರವಾದಾಗ ಅವನು ಗನ್ನಿನ ಮೂತಿ ಕೆಳಗಿಳಿಸಿ, ನೀರಿನ ರಭಸ ತಗ್ಗಿಸುತ್ತಿದ್ದ. ಇಷ್ಟು ಹುಷಾರಿನ ಮನುಷ್ಯ ಅಂದು ಕೇಳದೆ ನಮ್ಮ ಹಿತ್ತಲು ಯಾಕೆ ತೊಳೆದ? ಈ ಪ್ರಶ್ನೆ ಅವಳ ಮನಸ್ಸಿಗೆ ಬಂದದ್ದುಂಟು. ಆದರೆ ಅವಳು ಅದನ್ನು ಕೇಳಲಿಲ್ಲ. ಅವನ ಮೇಲೆ ಸಿಟ್ಟಿದ್ದರೆ ಬದುಕು ಸಲೀಸು ಎಂದು ಅವಳಿಗೆ ಒಳಗೊಳಗೇ ಗೊತ್ತಿತ್ತು.

ಒಂದು ದಿನ ಅವನು ಉದ್ದನೆಯ ಕೋಲೊಂದನ್ನು ತಂದ. ತುದಿಯಲ್ಲಿ ಬ್ರಷ್, ಒಳಗೆ ನೀರಿನ ಪೈಪು.

"ಇದ್ರಿಂದ ಮೇಲಿನ ಮಹಡಿ ಕಿಟಕೀನೂ ತೊಳೀಬಹುದು ಮೇಡಂ. ಏಣಿ ಬೇಡ. ನೀವು ನೆಲದ ಮೇಲೇ ಇರಿ."

ಅವಳು ಕೋಲನ್ನು ಎತ್ತಿ ಮೇಲಿನ ಗಾಜಿಗೆ ಮುಟ್ಟಿಸಿದಳು. ಗಂಡ ಹೋದ ಮೇಲೆ ಅಷ್ಟು ಎತ್ತರದ ಗಾಜನ್ನು ಅವಳು ತಲೆಯೆತ್ತಿ ನೋಡಿಯೂ ಇರಲಿಲ್ಲ. ನೀರು ಮುಖದ ಮೇಲೆ ಸುರಿಯಿತು. ಅಳುತ್ತಲೇ ತೊಳೆದಳು. ಇದೊಂದು ಕೋಲು ಆವತ್ತು ಇದ್ದಿದ್ದರೆ... ಇದ್ದಿದ್ದರೆ!

ಕೋಲು ಇಳಿಸಿದಾಗ ಅವನು ಎದುರೇ ನಿಂತಿದ್ದ.

"ಮೇಡಂ, ನನಗೆ ನೀವು ಅಂದ್ರೆ ಇಷ್ಟ!"

ಮೆಲ್ಲಗೆ ಹೇಳಬೇಕೆಂದು ಪಾಪ ಅವನ ಮನಸ್ಸಿನಲ್ಲಿತ್ತು. ಗಂಟಲಿಗೆ ಅದು ಗೊತ್ತಾಗಬೇಕಲ್ಲ! ರಸ್ತೆಯಾಚೆಯ ವಾಚ್‌ಮನ್ ಕೂಡ ತಿರುಗಿ ನೋಡಿದ.

ಅವಳಿಗೆ ಹೆದರಿಕೆಯಾಯಿತು. ಹೆದರಿಕೆ ಆ ಮಾತಿಗಲ್ಲ. ಆ ಮಾತು ಕೇಳಿ ತನ್ನೊಳಗೆ ಎದ್ದ ಸಂತೋಷಕ್ಕೆ.

'ಛೀ... ಅವರು ಬಿದ್ದ ಮೇಲೂ ನನಗೆ ಸಂತೋಷ ಬರುತ್ತಾ?'

ಆ ಅಸಹ್ಯವನ್ನೆಲ್ಲ ಅವಳು ಅವನ ಮೇಲೆ ಸುರಿದಳು.

"ನಾಚ್ಕೆ ಆಗಲ್ವಾ ನಿಮಗೆ? ಬಂದ ದಿನಾನೇ ಅವರನ್ನ ಹಿತ್ತಲಿಂದ ತೊಳೆದುಹಾಕಿದ್ರಿ. ಈಗ ನನ್ನ ಮನಸ್ಸಿಂದಾನೂ ತೊಳೀಬೇಕಾ? ಅದಕ್ಕೇನಾ ಈ ಕೋಲು, ಈ ಮರ್ಯಾದೆ, ಎಲ್ಲಾ?"

ಅವನು ಏನೋ ಹೇಳಲು ಹೋದ. ಹೇಳಲಿಲ್ಲ. ಅವನ ಮುಖ ಬಿಳಿಚಿಕೊಂಡದ್ದನ್ನು ಅವಳು ನೋಡಿದಳು.

"ತಪ್ಪಾಯ್ತು ಮೇಡಂ," ಎಂದ. ಈ ಸಲ ಅವನ ದನಿ ಅವಳಿಗೂ ಸರಿಯಾಗಿ ಕೇಳಿಸಲಿಲ್ಲ.

ಮರುದಿನ ಅವನು ಬರಲಿಲ್ಲ. ಬೇರೆ ಯಾರನ್ನಾದರೂ ನೋಡಿಕೊಳ್ಳಿ ಎಂದು ಅತ್ತೆಗೆ ಫೋನ್ ಮಾಡಿ ಹೇಳಿದನಂತೆ.

ಆ ಸಂಜೆ ಅತ್ತೆ ಊಟಕ್ಕೆ ಏಳಲಿಲ್ಲ. ಅಡುಗೆಮನೆಯ ನೆಲದ ಮೇಲೆ ಗೋಡೆಗೆ ಒರಗಿ ಕುಳಿತಿದ್ದರು.

"ಏನಾಯ್ತು ಅತ್ತೆ? ಹುಷಾರಿಲ್ವಾ?"

"ಹಿತ್ತಲು ತೊಳೆಸಿದ್ದು ನಾನು ಕಣೇ."

ಅವಳಿಗೆ ಅರ್ಥವಾಗಲಿಲ್ಲ. ಅರ್ಥವಾದ ಮೇಲೂ ನಂಬಿಕೆ ಬರಲಿಲ್ಲ.

"ಅವನು ನಲ್ಲಿ ಹತ್ರ ಬಂದಾಗ ಮಿಶಿನ್ ನಿಲ್ಲಿಸ್ದ. 'ಅಮ್ಮಾ, ಇಲ್ಲಿ ಯಾರದೋ ಕಾಲಿನ ಗುರುತಿದೆ, ಬಿಟ್ಬಿಡ್ಲಾ' ಅಂತ ಕೇಳ್ದ. ನಾನೇ ತೊಳಿ ಅಂದೆ. ಆಮೇಲೆ ನೀನು ಹಾಗೆ ಬಿದ್ದು ಅಳೋದು ನೋಡಿ ನನ್ನ ಬಾಯಿ ಕಟ್ಟಿಹೋಯ್ತು. ಅವನೇ ತಪ್ಪನ್ನೆಲ್ಲ ತನ್ನ ಮೇಲೆ ಹಾಕ್ಕೊಂಡ. ಮಾರನೇ ದಿನ ಹೋಗಿ, ಅದು ಹಾಗೇ ಇರ್ಲಿ ಅಂತ ಅವನಿಗೆ ಕೈ ಮುಗಿದೆ. ನೀನು ಹೊರಗಿನವನು ಕಣಪ್ಪ, ನಿನ್ನ ಬೈದ್ರೆ ನಿನಗೇನೂ ಆಗಲ್ಲ... ನನ್ನ ಸೊಸೆ ನನ್ನ ದ್ವೇಷ ಮಾಡಿದ್ರೆ ನನಗೆ ಇನ್ಯಾರಿದಾರೆ ಅಂತ..."

"ಯಾಕತ್ತೆ?" ಅವಳ ದನಿ ಒಡೆಯಿತು. "ನಿಮ್ಮ ಮಗನ ಪಾದ ಅಲ್ವಾ ಅದು? ಹೆತ್ತ ತಾಯಿ ನೀವು! ಹೇಗೆ ಮನಸ್ಸು ಬಂತು?"

ಅತ್ತೆ ತಲೆಯೆತ್ತಿದರು.

"ಅದು ನನ್ನ ಮಗನ ಪಾದ ಆಗಿರ್ಲಿಲ್ಲ ಕಣೇ. ದಿನಾ ನೀನು ಬ್ರಷ್ ತಗೊಂಡು ಅಂಚು ಕೆರೀತಿದ್ದೆ. ಕೆರೆದೂ ಕೆರೆದೂ ಅದು ದೊಡ್ಡದಾಗ್ತಾ ಹೋಯ್ತು. ಬೆರಳೆಲ್ಲ ಒಂದಾಗಿ ಹೋಯ್ತು. ನಿನಗೆ ಕಾಣಿಸ್ಲಿಲ್ಲ. ಅವನಿಗೆ ಸ್ನಾನ ಮಾಡಿಸಿದವಳು ನಾನು... ಅವನ ಪಾದ ನನಗೆ ಗೊತ್ತಿಲ್ವಾ? ಯಾರದೋ ಪಾದದ ಮುಂದೆ ನಿಂತು ನೀನು ದಿನಾ ಕ್ಷಮೆ ಕೇಳ್ತಿದ್ದೆ. ಕಿಟಕಿಯಿಂದ ನೋಡ್ತಾ ನೋಡ್ತಾ ನನಗೆ ತಡ್ಕೊಳ್ಳೋಕಾಗ್ಲಿಲ್ಲ. ಹೋದದ್ದು ಮಗ ಒಬ್ಬನೇ ಅಲ್ಲ, ನೀನೂ ಹೋಗ್ತಿದೀಯ ಅನ್ನಿಸ್ತು."

ಅವಳಿಗೆ ಸಿಟ್ಟು ಬಂದಿತ್ತು, ನಿಜ. ಎದ್ದು ಬಾಗಿಲವರೆಗೆ ಹೋದಳು ಕೂಡ. ಆದರೆ ಅಲ್ಲಿಂದ ತಿರುಗಿ ಬಂದು ಆ ಮುದುಕಿಯ ಮಡಿಲಿಗೆ ಬಿದ್ದಳು.

"ಏಣಿ ಬಿಟ್ಟು ಹೋದೆ ಅತ್ತೆ ನಾನು... ನೀವು ಒಂದು ಸಲವಾದ್ರೂ ಬೈಬಾರ್ದಿತ್ತಾ?"

"ಹುಚ್ಚಿ... ನಿನ್ನ ಬೈದ್ರೆ ಅವನು ವಾಪಸ್ ಬರ್ತಾನಾ?"

ಇಬ್ಬರೂ ಅತ್ತರು. ಅಲ್ಲಿಯವರೆಗೆ ಇಬ್ಬರೂ ಬೇರೆ ಬೇರೆ ಕೋಣೆಯಲ್ಲಿ ಅಳುತ್ತಿದ್ದರು. ಒಟ್ಟಿಗೆ ಅತ್ತದ್ದು ಅಂದೇ.

ಮರುದಿನ ಬೆಳಗ್ಗೆ ಮಿಶಿನಪ್ಪ ತರಕಾರಿ ಮಾರ್ಕೆಟ್ಟಿನ ನೆಲ ತೊಳೆಯುತ್ತಿದ್ದ. ಕೊಳೆತ ಸೊಪ್ಪು, ಕೆಸರು, ವಾಸನೆ. ಅವಳು ಬಂದದ್ದು ಅವನಿಗೆ ಗೊತ್ತಾಗಲಿಲ್ಲ. ಅವಳೇ ಹೋಗಿ ಎಂಜಿನ್ ಆರಿಸಿದಳು. ಅವನು ತಿರುಗಿದ. ಅವಳನ್ನು ಕಂಡು ಗನ್ ಕೆಳಗಿಟ್ಟ.

"ಯಾಕೆ ಹೇಳ್ಲಿಲ್ಲ?" ಅವಳು ಕೇಳಿದಳು. "ನಾನು ಅಷ್ಟೆಲ್ಲ ಅಂದಾಗ್ಲೂ... ಯಾಕೆ ಹೇಳ್ಲಿಲ್ಲ?"

ಯಾವ ವಿಷಯ ಎಂದು ಅವನು ಕೇಳಲಿಲ್ಲ.

"ಹೇಳಿದ್ರೆ ನೀವು ಯಾರ ಮನೆಗೆ ಹೋಗ್ತಿದ್ರಿ ಮೇಡಂ? ನಿಮಗೆ ಅಂತ ಇರೋದು ಆ ಅಮ್ಮ ಒಬ್ರೇ. ನನ್ನ ಮೇಲೆ ಸಿಟ್ಟಿದ್ರೆ ಇರ್ಲಿ... ಅವ್ರ ಮೇಲೆ ಬರ್ಬಾರ್ದು ಅಂತ."

"ಮೊನ್ನೆ ನಾನಂದ ಮಾತು..."

"ನೋವಾಯ್ತು." ಅವನು ಮುಚ್ಚಿಡಲಿಲ್ಲ. "ಬಹಳ ನೋವಾಯ್ತು. ಆದ್ರೆ ನೀವಂದಿದ್ರಲ್ಲಿ ಅರ್ಧ ನಿಜ ಇತ್ತು. ಗನ್ ಹಿಡಿದಿದ್ದ ಕೈ ನನ್ನದೇ ಅಲ್ವಾ?"

ಅವಳಿಗೆ ಅಳು ಉಕ್ಕಿತು. ಸೊಪ್ಪಿನ ಮೂಟೆ ಹೊತ್ತವರು ಬಳಸಿಕೊಂಡು ಹೋಗುತ್ತಿದ್ದರು. ಅವಳು ಯಾರನ್ನೂ ಲೆಕ್ಕಿಸಲಿಲ್ಲ.

"ನೀವು ಇಷ್ಟ ಅಂದಾಗ ನನಗೆ ಸಂತೋಷ ಆಯ್ತು. ಅದಕ್ಕೇ ಬೈದೆ. ನನಗೆ ಭಯ ಕಣ್ರೀ... ಸಂತೋಷ ಪಟ್ರೆ ಅವರನ್ನ ಇನ್ನೊಂದು ಸಲ ಕೈಬಿಟ್ಟ ಹಾಗಾಗುತ್ತೆ ಅಂತ. ನಾನು ಅವರನ್ನ ಮರೆಯಲ್ಲ."

"ಮರೀಬೇಡಿ."

"ಮಾತಿನ ಮಧ್ಯೆ ಅವರ ನೆನಪಾಗಿ ಅತ್ತುಬಿಡ್ತೀನಿ."

"ಅಳಿ. ನಾನೇನೂ ಎದ್ದು ಹೋಗಲ್ಲ."

ಅವಳು ಅವನ ಒದ್ದೆ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅದು ತಣ್ಣಗೆ ಮರಗಟ್ಟಿತ್ತು.

"ಮನೆಗೆ ಬನ್ನಿ. ಅತ್ತೆ ನಿನ್ನೆಯಿಂದ ಊಟ ಮಾಡಿಲ್ಲ."

"ಏನಾಗಿ ಬರ್ಲಿ ಮೇಡಂ? ಕೆಲಸಕ್ಕಾ?"

"ಕೆಲಸಕ್ಕಲ್ಲ. ನನಗೋಸ್ಕರ ಬನ್ನಿ." ಅವಳು ಕಣ್ಣೊರೆಸಿಕೊಂಡಳು. "ಆದ್ರೆ ನಿಧಾನಕ್ಕೆ ಬರ್ಬೇಕು. ನನಗೆ ಬೇಗ ಬೇಗ ಆಗಲ್ಲ."

"ಎಷ್ಟು ನಿಧಾನ?"

"ನಾನು ಅಳ್ತಾ ಅಳ್ತಾ ನಡೆಯೋವಷ್ಟು."

"ಸರಿ," ಎಂದ ಅವನು, ಪಕ್ಕದಲ್ಲಿದ್ದ ಅವಳಿಗೆ ಮಾತ್ರ ಕೇಳುವಂತೆ. "ನಡೀರಿ. ಪಕ್ಕದಲ್ಲೇ ಇರ್ತೀನಿ."