ಫೋಟೋ ಕೇಕಿನ ಬಣ್ಣ ಕಳವು ಪ್ರಕರಣ

2007ರ ಜುಲೈ 18, ಬುಧವಾರ, ಬೆಳಿಗ್ಗೆ 10.25ಕ್ಕೆ ಗಾಂಧಿ ಬಜಾರಿಗೆ ಹತ್ತಿರದ ಪೊಲೀಸ್ ಠಾಣೆಗೆ ಸಂಕರ್ಷಣ ಎಂಬ ನಲವತ್ತಾರು ವರ್ಷದ ಕೇಕ್ ವ್ಯಾಪಾರಿ ದೂರು ಹಿಡಿದು ಬಂದ. ದೂರು ಟೈಪ್ ಆಗಿತ್ತು. ಮೂರು ಪ್ರತಿಗಳಿದ್ದವು, ಮೂರಕ್ಕೂ ಪ್ಲಾಸ್ಟಿಕ್ ಹೊದಿಕೆ ಇತ್ತು. ಮನೆಯೆಲ್ಲ ದೋಚಿಸಿಕೊಂಡು ಬಂದವರು ಸಿಕ್ಕಿದ ಚೀಟಿಯ ಮೇಲೆ ಬರೆದುಕೊಡುತ್ತಾರೆ. ಇಷ್ಟು ಒಪ್ಪವಾಗಿ ದೂರು ತರುವವರನ್ನು ಕಂಡರೆ ಇನ್ಸ್‌ಪೆಕ್ಟರ್ ಪರಮಶಿವಯ್ಯನವರಿಗೆ ಮೈ ಉರಿಯುತ್ತಿತ್ತು.

“ಏನು ಕಳವಾಗಿದೆ?”

“ಬಣ್ಣ ಸಾರ್. ನೀಲಿ, ಕೆಂಪು, ಹಳದಿ. ಫಾರಿನ್ ಇಂಕು. ಈಗ ಮಷೀನಲ್ಲಿ ಬರೀ ಕಪ್ಪು ಬರ್ತಿದೆ.”

ಸಂಕರ್ಷಣನ ಅಂಗಡಿಯ ಹೆಸರು ಆರಾಧನಾ ಎಗ್‌ಲೆಸ್ ಕೇಕ್ಸ್. ಮನೆಯ ಮುಂದಿನ ಗ್ಯಾರೇಜಿನಲ್ಲೇ ವ್ಯಾಪಾರ. ಅಲ್ಲಿ ತಿನ್ನುವ ಇಂಕಿನಿಂದ ಸಕ್ಕರೆ ಹಾಳೆಯ ಮೇಲೆ ಫೋಟೋ ಅಚ್ಚು ಹಾಕುವ ಪ್ರಿಂಟರ್ ಇತ್ತು. ಆ ಹಾಳೆಯನ್ನು ಕೇಕಿನ ಮೇಲೆ ಅಂಟಿಸಿ ಕೊಡುತ್ತಿದ್ದರು. ಆ ದಿನಗಳಲ್ಲಿ ಅದೊಂದು ದೊಡ್ಡ ಬೆರಗು. ಹುಟ್ಟುಹಬ್ಬದ ದಿನ ಸ್ವಂತ ಮಗುವಿನ ಮುಖಕ್ಕೆ ಚಾಕು ಹಾಕಿ, ಕಿವಿಯೊಂದನ್ನು ನೆಂಟರ ಬಾಯಿಗಿಟ್ಟು ಚಪ್ಪಾಳೆ ತಟ್ಟುವುದಕ್ಕೆ ಬಸವನಗುಡಿಯ ಮರ್ಯಾದಸ್ಥರು ವಾರ ಮೊದಲೇ ಸಾಲುಗಟ್ಟುತ್ತಿದ್ದರು.

“ಯಾರ ಮೇಲೆ ಅನುಮಾನ?”

“ಅನುಮಾನ ಏನ್ಬಂತು, ಗ್ಯಾರಂಟಿ. ಹೇಮಶ್ರೀ ಅಂತ ಇದಾಳೆ, ಮಷೀನು ಅವಳೇ ನೋಡ್ಕೊಳ್ಳೋದು. ಇಂಕು ಕದ್ದು ಮಾರ್ಕೊಂಡು ಡಬ್ಬಿಗೆ ನೀರು ತುಂಬಿದಾಳೆ. ಇವತ್ತೇ ಎಫ್‌ಐಆರ್ ಹಾಕ್ಬಿಡಿ ಸಾರ್.”

“ಇವತ್ತೇ ಯಾಕೆ?”

“ಅವಳ ವೆರಿಫಿಕೇಷನ್ನು ನಿಮ್ಮ ಹತ್ರಾನೇ ಇದೆಯಂತಲ್ಲ. ಅದರಲ್ಲಿ ಇದೂ ಬಂದ್ಬಿಡ್ಲಿ ಅಂತ.”

ಪರಮಶಿವಯ್ಯ ಹೆಡ್ ಕಾನ್‌ಸ್ಟೇಬಲ್ ದಾಸಪ್ಪನವರ ಮುಖ ನೋಡಿದರು. ದಾಸಪ್ಪ ಕಡತ ತಂದಿಟ್ಟರು. ಗವೀಪುರದ ಹೇಮಶ್ರೀ, ಇಪ್ಪತ್ತಾರು ವರ್ಷ, ತಾಯಿ ಬೈರಮ್ಮ ಆಸ್ಪತ್ರೆಯೊಂದರಲ್ಲಿ ಆಯಾ. ಹಗಲು ಕೇಕ್ ಅಂಗಡಿ, ಸಂಜೆ ಕಾಲೇಜು ಎಂದು ಓದಿದ ಹುಡುಗಿ ಪರಿಶಿಷ್ಟ ಜಾತಿಯ ಮೀಸಲಿನಲ್ಲಿ ದ್ವಿತೀಯ ದರ್ಜೆ ಸಹಾಯಕಿಯಾಗಿ ಆಯ್ಕೆಯಾಗಿದ್ದಳು. ಅವಳ ನಡತೆಯ ಬಗ್ಗೆ ವಿಚಾರಿಸಲು ದಾಸಪ್ಪ ಸೋಮವಾರ ಸಂಜೆ ಅದೇ ಅಂಗಡಿಗೆ ಹೋಗಿ ಬಂದಿದ್ದರು. ಶುಕ್ರವಾರದೊಳಗೆ ವರದಿ ಹೋಗಬೇಕಿತ್ತು. ‘ಕಳ್ಳತನದ ಪ್ರಕರಣ ದಾಖಲಾಗಿದೆ’ ಎಂಬ ಒಂದು ಸಾಲು ಸೇರಿದರೆ ಸಾಕು, ಆ ಕೆಲಸ ಕೈತಪ್ಪುತ್ತಿತ್ತು.

ಸೋಮವಾರ ದಾಸಪ್ಪ ಹೋಗಿದ್ದರು, ಮಂಗಳವಾರ ಬಣ್ಣ ನಿಂತಿತ್ತು. ಪರಮಶಿವಯ್ಯ ಎರಡೂ ದಿನಾಂಕಗಳನ್ನು ಒಂದರ ಕೆಳಗೊಂದು ಬರೆದುಕೊಂಡರು.

“ಮೊದ್ಲು ಮಷೀನು ನೋಡೋಣ. ಆಮೇಲೆ ಎಫ್‌ಐಆರ್.”

“ನನಗೆ ಕಮಿಷನರ್ ಆಫೀಸಲ್ಲಿ ಗೊತ್ತಿರೋರಿದಾರೆ ಸಾರ್.”

“ಒಳ್ಳೇದಾಯ್ತು. ಅವರಿಗೂ ಒಂದು ಪ್ರತಿ ಕೊಡಿ. ಹೇಗೂ ಮೂರು ತಂದಿದೀರಲ್ಲ.”

ದೂರನ್ನು ಠಾಣಾ ದಿನಚರಿಯಲ್ಲಿ ನಮೂದಿಸಿ, 11.40ಕ್ಕೆ ಪರಮಶಿವಯ್ಯ ಮತ್ತು ದಾಸಪ್ಪ ಗ್ಯಾರೇಜಿಗೆ ಬಂದರು. ಆ ಪ್ರಿಂಟರ್ ಮಾರಿದ ಮಲ್ಲೇಶ್ವರದ ಅಂಗಡಿಯಿಂದ ರಾಘವ ಎಂಬ ಮೆಕ್ಯಾನಿಕ್ಕನ್ನು ಕರೆಸಲಾಯಿತು. ಪಂಚ ಸಾಕ್ಷಿಗಳಾಗಿ ಎದುರಿನ ಹೂವಿನ ಪಿಳ್ಳಮ್ಮ ಮತ್ತು ಪಕ್ಕದ ಪುಸ್ತಕದಂಗಡಿಯ ಶೀನಣ್ಣ ಬಂದು ನಿಂತರು. ಸಂಕರ್ಷಣನನ್ನು ಮನೆಯ ಜಗುಲಿಯ ಮೇಲೆ ಕೂರಿಸಿ, ಪರಮಶಿವಯ್ಯ ಮೊದಲು ಹೇಮಶ್ರೀಯನ್ನು ವಿಚಾರಿಸಿದರು. ಅವಳ ಕಣ್ಣು ಕೆಂಪಾಗಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು.

“ನಿನ್ನೆ ಏನಾಯ್ತಮ್ಮ?”

“ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಟೆಸ್ಟ್ ಪ್ರಿಂಟ್ ತೆಗೆದೆ ಸಾರ್. ನಾಲ್ಕೂ ಬಣ್ಣ ಸರಿಯಾಗಿತ್ತು. ದಿನಾ ತೆಗೀತೀನಿ. ಈ ಇಂಕು ಒಂದಿನ ಬಿಟ್ರೂ ಒಣಗಿ ಕಚ್ಕೊಳತ್ತೆ.”

ಅವಳು ಫೈಲು ತೆರೆದು ತೋರಿಸಿದಳು. ಮೂರು ವರ್ಷದ ಟೆಸ್ಟ್ ಹಾಳೆಗಳು, ಒಂದೊಂದರ ಮೂಲೆಯಲ್ಲೂ ತಾರೀಖು ಮತ್ತು ಸಮಯ. ಠಾಣೆಯಲ್ಲೂ ಯಾರೂ ಇಷ್ಟು ಅಚ್ಚುಕಟ್ಟಾಗಿ ದಾಖಲೆ ಇಡುವುದಿಲ್ಲ ಎಂದು ಪರಮಶಿವಯ್ಯನವರಿಗೆ ನಾಚಿಕೆಯಾಯಿತು.

“ಆಮೇಲೆ?”

“ಮೂರನೇ ಫೋಟೋ ಅರ್ಧ ಬರೋ ಹೊತ್ತಿಗೆ ಮಗು ಕೆನ್ನೆ ಬಣ್ಣ ಮಂಕಾಯ್ತು. ಆಮೇಲೆ ಬರೀ ಕಪ್ಪು ಗೆರೆ. ಎರಡು ಸಲ ಕ್ಲೀನಿಂಗ್ ಕೊಟ್ಟೆ, ಸರಿಹೋಗ್ಲಿಲ್ಲ. ಡಬ್ಬಿ ತೆಗೆದು ನೋಡೋಣ ಅನ್ನೋಷ್ಟರಲ್ಲಿ ಓನರ್ ಬಂದು, ಮುಟ್ಬೇಡ, ಆಚೆ ಹೋಗು ಅಂದ್ರು.”

“ಇಂಕು ಕದ್ದು ಮಾರಿದೀರಿ ಅಂತಾರಲ್ಲ?”

“ತಿನ್ನೋ ಇಂಕನ್ನ ಯಾರಿಗೆ ಮಾರ್ಲಿ ಸಾರ್? ಊರಲ್ಲಿ ಯಾರು ಕೊಂಡ್ಕೋತಾರೆ, ನೀವೇ ಹೇಳಿ.”

ಪ್ಲಾಸ್ಟಿಕ್ ಹೊದಿಕೆ ಹಾಕುವಷ್ಟು ಬುದ್ಧಿ ಓಡಿಸಿದ ಮನುಷ್ಯ ಈ ಪ್ರಶ್ನೆಯನ್ನು ತಾನೇ ಕೇಳಿಕೊಂಡಿರಲಿಲ್ಲ.

12.15ಕ್ಕೆ ರಾಘವ ಪಂಚರ ಎದುರು ಕೆಲಸ ಶುರುಮಾಡಿದ. ಟೆಸ್ಟ್ ಹಾಳೆಯಲ್ಲಿ ಕಪ್ಪು ಗೆರೆಗಳು ಮಾತ್ರ ಬಂದವು, ಉಳಿದ ಮೂರರ ಜಾಗ ಬೆಳ್ಳಗಿತ್ತು. ಕ್ಲೀನಿಂಗ್ ಕೊಟ್ಟ, ಫಲವಿಲ್ಲ. ಮೂರು ಬಣ್ಣದ ಡಬ್ಬಿಗಳನ್ನು ಹೊರತೆಗೆದು ಕೇಕಿನ ಸಾಮಾನು ತೂಗುವ ತಕ್ಕಡಿಯ ಮೇಲೇ ಇಟ್ಟು ತೂಗಿದ.

“ಇಂಕು ತುಂಬಿದೆ ಸಾರ್. ನೀರಲ್ಲ, ಒರಿಜಿನಲ್ ಇಂಕೇ.” ಬೆರಳಿಗೆ ಅಂಟಿದ್ದನ್ನು ನೆಕ್ಕಿ ನೋಡಿ ಹೇಳಿದ.

“ಮತ್ತೆ ಯಾಕೆ ಬರ್ತಿಲ್ಲ?”

ರಾಘವ ಡಬ್ಬಿಯ ತಲೆ ತೋರಿಸಿದ. ಪ್ರತಿ ಡಬ್ಬಿಯ ಮೇಲೂ ಗಾಳಿ ಹೋಗಲು ಸೂಜಿಮೊನೆಯಷ್ಟು ಕಿಂಡಿ ಇರುತ್ತದೆ. ನೀರಿನ ಕ್ಯಾನಿಗೆ ಮೇಲಿನಿಂದ ಗಾಳಿಯಾಡದಿದ್ದರೆ ನಲ್ಲಿಯಲ್ಲಿ ನೀರು ಬಾರದಂತೆ, ಕಿಂಡಿ ಮುಚ್ಚಿದರೆ ಇಂಕು ಇಳಿಯುವುದಿಲ್ಲ. ದಾರಿಯಲ್ಲಿ ಮೊದಲೇ ಇಳಿದಿದ್ದ ಇಂಕು ಎರಡು ಮೂರು ಫೋಟೋಗೆ ಸಾಕಾಗುತ್ತದೆ, ಆಮೇಲೆ ನಿಂತುಹೋಗುತ್ತದೆ. ಮೂರು ಡಬ್ಬಿಗಳ ಕಿಂಡಿಗೂ ತಿಳಿಹಳದಿ ಮಣ್ಣೊಂದನ್ನು ಮೆತ್ತಿ ಒಣಗಿಸಲಾಗಿತ್ತು. ರಾಘವ ಪಿನ್ನಿನಿಂದ ಕೆರೆದು ಉಗುರಿನ ಮೇಲೆ ಇಟ್ಟುಕೊಂಡ, ನೀರು ಹಾಕಿ ಉಜ್ಜಿದ, ಮೂಸಿದ. ಅವನ ಮುಖ ಸಣ್ಣದಾಯಿತು.

“ಸಾರ್, ಇದು ಗೋಪಿಚಂದನ. ನಮ್ಮಲ್ಲಿ ಸ್ನಾನ ಆದ್ಮೇಲೆ ನಾಮ ಹಚ್ಕೊಳ್ಳೋದು. ನಾನೂ ದಿನಾ ಹಚ್ಕೋತೀನಿ.”

“ಖಚಿತಾನಾ?”

“ನನಗೆ ಗೊತ್ತಾಗ್ದೆ ಇರತ್ತಾ ಸಾರ್? ಇದನ್ನ ಇಂಥಾ ಕೆಲಸಕ್ಕೆ ಬಳಸಿದಾರಲ್ಲ, ಥೂ.”

ಕಿಂಡಿಗಳನ್ನು ಬಿಡಿಸಿ ಎರಡು ಸಲ ಕ್ಲೀನಿಂಗ್ ಕೊಟ್ಟ ಮೇಲೆ 12.55ಕ್ಕೆ ನಾಲ್ಕೂ ಬಣ್ಣಗಳು ಬಂದವು. ಪಿಳ್ಳಮ್ಮ ಪಂಚನಾಮೆಗೆ ಹೆಬ್ಬೆಟ್ಟು ಒತ್ತಿ, “ಮಣ್ಣು ಮೆತ್ತಿ ಹುಡುಗಿ ಬಾಳಿಗೆ ಕಲ್ಲು ಹಾಕೋಕೆ ಹೊರಟಿದ್ರಲ್ಲ” ಎಂದು ಗಟ್ಟಿಯಾಗಿಯೇ ಹೇಳಿದಳು.

ಪರಮಶಿವಯ್ಯ ಜಗುಲಿಗೆ ಬಂದು ಕುರ್ಚಿ ಎಳೆದುಕೊಂಡು ಕೂತರು. ದಾಸಪ್ಪ ಹೇಳಿಕೆ ಬರೆದುಕೊಳ್ಳಲು ನಿಂತರು.

“ಹೇಮಶ್ರೀ ನಿಮ್ಮ ಮನೆಯೊಳಗೆ ಬರ್ತಾರಾ?”

“ಛೆ ಛೆ. ಹೊಸ್ತಿಲು ದಾಟೋ ಹಾಗೇ ಇಲ್ಲ. ಮೂರು ವರ್ಷದಲ್ಲಿ ಒಂದ್ಸಲಾನೂ ಬಂದಿಲ್ಲ.”

“ಕುಡಿಯೋಕೆ ನೀರು?”

“ಆಚೆ ನಲ್ಲಿ ಇದೆಯಲ್ಲ. ನಮ್ಮಲ್ಲಿ ಮಡಿ ಜಾಸ್ತಿ ಸಾರ್. ಅಂಥವರನ್ನೆಲ್ಲ ಒಳಗೆ ಬಿಡೋಕಾಗತ್ತಾ, ನಿಮಗೇ ಗೊತ್ತಲ್ಲ.”

ಅವಳು ಮುಟ್ಟಿದ ಸಕ್ಕರೆ ಹಾಳೆಯನ್ನು ಊರಿಗೆಲ್ಲ ತಿನ್ನಿಸಿ ದುಡ್ಡು ಎಣಿಸಿಕೊಳ್ಳುವಾಗ ಆ ಮಡಿ ಎಲ್ಲಿಗೆ ಹೋಗುತ್ತಿತ್ತೋ. ‘ಅಂಥವರು’ ಎನ್ನುವಾಗ ಬರೆದುಕೊಳ್ಳುತ್ತಿದ್ದ ದಾಸಪ್ಪ ಯಾವ ಕೇರಿಯವರೆಂದು ಯೋಚಿಸುವ ಗೋಜಿಗೂ ಸಂಕರ್ಷಣ ಹೋಗಲಿಲ್ಲ. ದಾಸಪ್ಪನವರ ಪೆನ್ನು ಒಂದು ಕ್ಷಣ ನಿಂತಿತು, ಆಮೇಲೆ ಒಂದಕ್ಷರವೂ ಬಿಡದಂತೆ ಬರೆಯಿತು. ಸಂಕರ್ಷಣ ಓದಿ ಸಹಿ ಹಾಕಿದ.

“ಗೋಪಿಚಂದನ ಎಲ್ಲಿಡ್ತೀರಿ?”

“ದೇವರಮನೇಲಿ. ನಾನು, ನಮ್ಮಮ್ಮ ಬಿಟ್ರೆ ಇನ್ಯಾರೂ ಮುಟ್ಟೋ ಹಾಗಿಲ್ಲ. ಯಾಕೆ ಸಾರ್?”

ಗೋಪಿಚಂದನ ಎಂಬ ಮಾತು ಕಿವಿಗೆ ಬಿದ್ದದ್ದೇ ಒಳಗಿನಿಂದ ಅವನ ತಾಯಿ ಭಾಗೀರಥಮ್ಮನವರ ದನಿ ಬಂತು.

“ಸಂಕೂ, ನಿನ್ನೆ ಬೆಳಿಗ್ಗೆ ಆ ಬಟ್ಟಲು ಹಿಡ್ಕೊಂಡು ಅಂಗಡಿಗೆ ಹೋದೆಯಲ್ಲೋ, ಎಲ್ಲಿಟ್ಟೆ? ಆಗ್ಲಿಂದ ಕೇಳ್ತಿದೀನಿ, ಬಾಯೇ ಬಿಡಲ್ಲ.”

ಬೆಳ್ಳಿ ಬಟ್ಟಲು ಗ್ಯಾರೇಜಿನ ಗಲ್ಲಾಪೆಟ್ಟಿಗೆಯಲ್ಲೇ ಸಿಕ್ಕಿತು, ತಳದಲ್ಲಿ ಒಣಗಿದ ಮಣ್ಣು, ಜೊತೆಗೆ ತುದಿಗೆ ಮಣ್ಣು ಮೆತ್ತಿಕೊಂಡ ಹಲ್ಲುಕಡ್ಡಿ. ಎರಡನ್ನೂ ಪಂಚರೆದುರು ವಶಪಡಿಸಿಕೊಂಡು ಮೊಹರು ಮಾಡಲಾಯಿತು. ಫೆವಿಕಾಲ್ ಇತ್ತು, ಮೈದಾಹಿಟ್ಟು ಮೂಟೆಗಟ್ಟಲೆ ಇತ್ತು. ಬೆಳಿಗ್ಗೆ ನಾಮ ಹಚ್ಚಿಕೊಂಡವನು ಕೈಯಲ್ಲಿದ್ದದ್ದನ್ನೇ ಬಳಸಿದ, ಅಷ್ಟೇ. ಆ ಹುಡುಗಿಗೆ ಎಟುಕದ ಒಂದೇ ಒಂದು ವಸ್ತುವನ್ನು ಆರಿಸಿ ಅವಳ ಮೇಲೆ ಕಳ್ಳತನ ಹೊರಿಸಲು ಹೊರಟಿದ್ದ.

“ಕಪ್ಪನ್ನ ಯಾಕೆ ಬಿಟ್ರಿ?”

“ನಾಮಕರಣದ ಕೇಕು ಎರಡಿತ್ತು. ಹೆಸರು ಬರೆಯೋಕೆ ಬೇಕಿತ್ತು ಸಾರ್.”

ಪರಮಶಿವಯ್ಯ ಇಪ್ಪತ್ತೆರಡು ವರ್ಷಗಳ ಸೇವೆಯಲ್ಲಿ ಕೊಲೆಗಾರರೊಂದಿಗೆ ಕೂತು ಟೀ ಕುಡಿದಿದ್ದರು. ಈ ಮನುಷ್ಯನ ಎದುರು ಕೂರಲು ಅಸಹ್ಯವಾಗಿ ಎದ್ದು ಬಂದರು.

ಅದೇ ಸಂಜೆ 5.30ಕ್ಕೆ ಹೇಮಶ್ರೀ ದೂರು ಬರೆದುಕೊಟ್ಟಳು. ಪರಿಶಿಷ್ಟ ಜಾತಿಯವಳ ವಿರುದ್ಧ ಸುಳ್ಳು ದೂರು ಕೊಟ್ಟ ಆರೋಪದ ಮೇಲೆ ದೌರ್ಜನ್ಯ ತಡೆ ಕಾಯ್ದೆಯಡಿ ಎಫ್‌ಐಆರ್ ದಾಖಲಾಯಿತು. ಅಂಥ ಪ್ರಕರಣಗಳ ತನಿಖೆ ಎಸಿಪಿಯವರದು. ಅವರು ಮರುದಿನ ಪಂಚನಾಮೆ, ಟೆಸ್ಟ್ ಹಾಳೆಗಳು ಮತ್ತು ಸಂಕರ್ಷಣನೇ ಸಹಿ ಹಾಕಿದ ಹೇಳಿಕೆ ಓದಿ ಬಂಧನಕ್ಕೆ ಆದೇಶ ಕೊಟ್ಟರು. ಗುರುವಾರ ಮಧ್ಯಾಹ್ನ 3.10ಕ್ಕೆ ಅವನನ್ನು ಮನೆಯಿಂದ ಕರೆತರಲಾಯಿತು. ಕಮಿಷನರ್ ಆಫೀಸಿನಿಂದ ಯಾರೂ ಫೋನ್ ಮಾಡಲಿಲ್ಲ.

“ಯಾಕ್ರೀ ಮಾಡಿದ್ರಿ ಇದನ್ನ?” ಪರಮಶಿವಯ್ಯ ಕೇಳಿದರು.

“ನನ್ನ ಗ್ಯಾರೇಜಲ್ಲಿ ನಿಂತು ಕೆಲಸ ಮಾಡಿದವಳು ಸಾರ್. ನಾಳೆ ಪಾಲಿಕೆ ಆಫೀಸಲ್ಲಿ ಕುರ್ಚಿ ಮೇಲೆ ಕೂತಿರ್ತಾಳೆ. ಲೈಸೆನ್ಸ್ ರಿನ್ಯೂ ಮಾಡ್ಸೋಕೆ ಹೋದ್ರೆ ನಾನು ಅವಳ ಮುಂದೆ ಕೈ ಕಟ್ಕೊಂಡು, ಮೇಡಂ ಅಂತ ನಿಂತ್ಕೋಬೇಕಾ?”

“ಪಾಲಿಕೆ ಅಂತ ಯಾರು ಹೇಳಿದ್ರು?”

“ಗೌರ್ಮೆಂಟ್ ಕೆಲಸ ಅಂದ್ರಲ್ಲ…”

ಪರಮಶಿವಯ್ಯ ವೆರಿಫಿಕೇಷನ್ ಕಡತವನ್ನು ಅವನ ಕಡೆ ತಿರುಗಿಸಿದರು. “ಖಜಾನೆ ಇಲಾಖೆ, ಸುರಪುರ. ಇಲ್ಲಿಂದ ಇನ್ನೂರೈವತ್ತು ಮೈಲಿ ಮೇಲಿದೆ. ಜನ್ಮದಲ್ಲಿ ನೀವು ಅವರ ಮುಂದೆ ನಿಂತ್ಕೋಬೇಕಾಗಿ ಬರ್ತಿರ್ಲಿಲ್ಲ.”

ಸಂಕರ್ಷಣ ಎರಡು ಸಲ ಓದಿದ. ಆಮೇಲೆ ಮೆಲ್ಲಗೆ ಕೇಳಿದ. “ಹಾಗಾದ್ರೆ ಕೇಸು ವಾಪಸ್ ತಗೋಳೋಕೆ ಹೇಳ್ಬಹುದಲ್ವಾ ಸಾರ್?”

ಪರಮಶಿವಯ್ಯ ವರದಿ ಬರೆಯತೊಡಗಿದರು. ‘ಅಭ್ಯರ್ಥಿಯ ವಿರುದ್ಧ ಯಾವುದೇ ಪ್ರಕರಣವಿಲ್ಲ. ನಡತೆ ಉತ್ತಮ.’ ಸಹಿ ಹಾಕಿ, ಶುಕ್ರವಾರದವರೆಗೂ ಕಾಯದೆ ಆಗಲೇ ಟಪಾಲಿಗೆ ಕೊಟ್ಟರು.

4.45ಕ್ಕೆ ದಾಸಪ್ಪ ಆರೋಪಿಯನ್ನು ನ್ಯಾಯಾಧೀಶರ ಮುಂದೆ ಹಾಜರುಪಡಿಸಲು ಹೊರಗೆ ಕರೆತಂದರು. ಎಫ್‌ಐಆರ್ ಪ್ರತಿ ತೆಗೆದುಕೊಳ್ಳಲು ಬಂದಿದ್ದ ಹೇಮಶ್ರೀ ತಾಯಿಯೊಂದಿಗೆ ಬೆಂಚಿನ ಮೇಲೆ ಕೂತಿದ್ದಳು. ಸಂಕರ್ಷಣ ಅವಳ ಎದುರು ನಿಂತುಬಿಟ್ಟ. ದಾಸಪ್ಪ ಅವಸರಪಡಿಸಲಿಲ್ಲ.

“ಮೇಡಂ,” ಎಂದ ಸಂಕರ್ಷಣ, “ಏನೋ ಆಗೋಯ್ತು. ದೊಡ್ಡ ಮನಸ್ಸು ಮಾಡಿ.”

ಬೈರಮ್ಮ ಗಾಬರಿಯಿಂದ ಏಳಲು ಹೋದರು. ಹೇಮಶ್ರೀ ಅವರ ಕೈ ಹಿಡಿದು ಕೂರಿಸಿದಳು, ತಾನೂ ಏಳಲಿಲ್ಲ.

“ಆಗಲ್ಲ,” ಎಂದಳು.

ಜೀಪು 4.50ಕ್ಕೆ ಠಾಣೆಯಿಂದ ಹೊರಟಿತು ಎಂದು ದಿನಚರಿಯಲ್ಲಿ ನಮೂದಾಗಿದೆ.