ನುಡಿಪೆಟ್ಟಿಗೆಯ ಮರೆವು

ನುಡಿಪೆಟ್ಟಿಗೆ ಎರಡು ಸಲ ಗುರ್ರೆಂದು ಸುಮ್ಮನಾಯಿತು. ಆಮೇಲೆ ಸುಳಿಗಾರರ ಭಾಷೆಯಲ್ಲಿ ಹುಲುಗಪ್ಪನನ್ನು ಕೇಳಿತು: "ಸಂಜೆ ಹೊಳೆಯ ನೀರಿನ ಮೇಲೆ ಬೀಳುವ ಬಿಸಿಲಿಗೆ ಏನೋ ಅನ್ನುತ್ತಿದ್ದೆಯಲ್ಲ, ಏನದು?"

"ತೆಳ್ಳಿಂಬು. ಹೋದ ವಾರವೇ ಹೇಳಿದ್ದೆ," ಎಂದು ಅವನೂ ಅದೇ ಭಾಷೆಯಲ್ಲಿ ಗದರಿದ. ಗದರಿದರೂ ಅವನ ಮುಖ ಅರಳಿತ್ತು.

ಕಂಪ್ಲಿಯ ಬಳಿ ತುಂಗಭದ್ರೆಯಲ್ಲಿ ತಲೆಮಾರುಗಳಿಂದ ಹರಿಗೋಲು ನಡೆಸಿದವರು ಸುಳಿಗಾರರು. 2074ರ ಹೊತ್ತಿಗೆ ಅವರ ಭಾಷೆ ಬಲ್ಲವನು ಹುಲುಗಪ್ಪ ಒಬ್ಬನೇ ಉಳಿದಿದ್ದ. ಆರು ವರ್ಷದ ಹಿಂದೆ ಹೆಂಡತಿ ಪಕ್ಕೀರವ್ವ ತೀರಿಕೊಂಡ ಮೇಲೆ ಆ ಭಾಷೆಯಲ್ಲಿ ಅವನನ್ನು ಊಟವಾಯಿತೇ ಎಂದು ಕೇಳುವವರೂ ಇರಲಿಲ್ಲ. ಆಗ ಭಾಷಾ ಸಂಸ್ಥೆಯವರು ಈ ಪೆಟ್ಟಿಗೆಯನ್ನು ತಂದಿಟ್ಟರು. ಅವನ ಮಾತು ಕೇಳುತ್ತ ಕೇಳುತ್ತ ಅದು ಭಾಷೆ ಕಲಿಯಿತು, ಕಲಿತದ್ದರಲ್ಲೇ ಅವನೊಂದಿಗೆ ಮಾತಿಗಿಳಿಯಿತು.

ಈಚೆಗೆ ಅದು ಪದೇಪದೇ ಮರೆಯತೊಡಗಿತ್ತು. ಅದನ್ನು ರೂಪಿಸಿದ ವಿಜ್ಞಾನಿ ಸಬೀಹಾ ಒಂದು ಬೆಳಿಗ್ಗೆ ಬಂದು ಅದರ ಬೆನ್ನು ಬಿಚ್ಚಿದಳು.

"ಡ್ರೈವ್ ಅಂದ್ರ ಇದರ ನೆನಪಿನ ಉಗ್ರಾಣ, ತಾತ. ಅಲ್ಲಲ್ಲಿ ಸವೆದೈತಿ. ಸವೆದ ಜಾಗದಾಗಿನ ಮಾತು ಅದಕ್ಕ ಸಿಗಂಗಿಲ್ಲ. ಇನ್ನೊಂದು ತಿಂಗಳು ಬಿಟ್ರ ಪೂರಾ ಹೋಗ್ತಿತ್ತು. ಹೊಸ ಡ್ರೈವ್ ಹಾಕ್ತೀನಿ."

"ಅದರಾಗಿದ್ದದ್ದು ಎಲ್ಲಾ ಹೊಸದಕ್ಕ ಬರ್ತೈತೇನವ್ವಾ?"

"ಒಂದಕ್ಷರಾನೂ ಬಿಡಂಗಿಲ್ಲ. ಸವೆದದ್ದನ್ನ ಸಂಸ್ಥೆಯಾಗಿರೋ ಪ್ರತಿಯಿಂದ ತುಂಬತೀನಿ."

ಹೊಸ ಡ್ರೈವನ್ನು ಅವಳು ಎರಡು ಭಾಗ ಮಾಡಿದಳು. ಒಂದರಲ್ಲಿ ಯಂತ್ರ ನಡೆಸುವ ತಂತ್ರಾಂಶ, ಇನ್ನೊಂದರಲ್ಲಿ ಭಾಷೆ ಮಾತ್ರ. ಒಂದು ಕೆಟ್ಟರೂ ಇನ್ನೊಂದು ಉಳಿಯಲಿ ಎಂಬ ಎಚ್ಚರಿಕೆ. ಮಾತುಗಳೆಲ್ಲ ಹಳೆಯದರಿಂದ ಹೊಸದಕ್ಕೆ ದಾಟಲು ನಾಲ್ಕು ತಾಸು ಹಿಡಿಯಿತು. ಅಷ್ಟು ಹೊತ್ತೂ ಹುಲುಗಪ್ಪ ಆಸ್ಪತ್ರೆಯ ಬಾಗಿಲಲ್ಲಿ ಕಾಯುವವನಂತೆ ಕುಳಿತಿದ್ದ. ಕೆಲಸ ಮುಗಿದಾಗ ಪೆಟ್ಟಿಗೆ ತಡವರಿಸದೆ ಮಾತನಾಡಿತು. ಸಬೀಹಾ ಸಂತೋಷದಿಂದ ಹೊರಟುಹೋದಳು.

ಹತ್ತು ದಿನಕ್ಕೆ ಹುಲುಗಪ್ಪನಿಂದ ಫೋನು ಬಂತು. "ಹಳೇದನ್ನ ತಂದು ಹಾಕವ್ವಾ."

ಅವಳು ಗಾಬರಿಯಿಂದ ಓಡಿಬಂದಳು. ಇಡೀ ಡ್ರೈವನ್ನು ಪರೀಕ್ಷಿಸಿದಳು. ಒಂದು ಪದವೂ ಕಳೆದಿರಲಿಲ್ಲ.

"ಎಲ್ಲಾ ಸರಿ ಐತಲ್ಲ ತಾತ?"

"ಸರಿ ಐತಿ. ಅದಕ್ಕ ನನ್ನನ್ನ ಏನೂ ಕೇಳಂಗಿಲ್ಲ ಅದು. ನಾನು ಅರ್ಧ ಹೇಳೂದ್ರಾಗ ಉಳಿದರ್ಧ ಅದ ಹೇಳಿ ಮುಗಿಸ್ತೈತಿ. ಪಕ್ಕೀರವ್ವ ಕಡೀ ವರ್ಷ ಎಲ್ಲಾ ಮರೀತಿದ್ಲು. ಪಾತ್ರೀ ಹಿಡಕೊಂಡು ಬಂದು, ಇದಕ್ಕೇನಂತಾರ ಅಂತ ಕೇಳ್ತಿದ್ಲು. ನಾ ಹೇಳ್ತಿದ್ದೆ. ಇದೂ ಹಂಗ ಕೇಳ್ತಿತ್ತವ್ವಾ."

ಸಬೀಹಾ ತಿರುಪುಳಿಯನ್ನು ಕೆಳಗಿಟ್ಟಳು. ಬಿಚ್ಚಿ ತೆಗೆದ ಹಳೆಯ ಡ್ರೈವ್ ಅಷ್ಟರಲ್ಲೇ ಸತ್ತುಹೋಗಿತ್ತು, ತಿರುಗಿ ಹಾಕುವಂತಿರಲಿಲ್ಲ. "ಬೇಕಂದ್ರ ಆಗಾಗ ಮರೆಯೂ ಹಂಗ ಮಾಡ್ತೀನಿ," ಎಂದಳು ಮೆಲ್ಲಗೆ.

"ಬ್ಯಾಡ. ಗೊತ್ತಿದ್ದು ಕೇಳಿದ್ರ ಅದು ಆಟ ಆಗ್ತೈತಿ."

ಅವಳು ಪೆಟ್ಟಿಗೆಯ ಗುಂಡಿ ಒತ್ತಿ ಅದನ್ನು ಆರಿಸಿದಳು. ಆರು ವರ್ಷ ಈ ಭಾಷೆಯನ್ನು ಯಂತ್ರಕ್ಕೆ ತುಂಬುವ ದಾರಿ ಹುಡುಕಿದ್ದಳೇ ಹೊರತು, ತಾನು ಒಂದು ಮಾತನ್ನೂ ಕಲಿತಿರಲಿಲ್ಲ. ಜಗಲಿಯಲ್ಲಿ ಬೋರಲಾಗಿದ್ದ ಹರಿಗೋಲನ್ನು ತೋರಿಸಿ, "ಅದಕ್ಕೇನಂತೀರಿ ತಾತ? ನನಗ ಖರೇನ ಗೊತ್ತಿಲ್ಲ," ಎಂದಳು.

ಅವನು ಹೇಳಿದ. ಅವಳು ಅಂದಾಗ ಅದು ಬೇರೆಯೇ ಏನೋ ಆಯಿತು. ಅವನು ತಿದ್ದಿದ. ಅವಳು ಮತ್ತೆ ತಪ್ಪಿದಳು. ಹುಲುಗಪ್ಪ ನಕ್ಕು, ನಾಲಿಗೆ ಎಲ್ಲಿ ತಾಗಬೇಕೆಂದು ಬಾಯಿ ತೆರೆದು ತೋರಿಸಿದ. ಮೂರನೆಯ ಸಲವೂ ಅವಳಿಗೆ ಸರಿಯಾಗಿ ಬರಲಿಲ್ಲ.

"ನಾಳೆ ಬರ್ತೈತಿ," ಎಂದ ಅವನು. "ನಾಳೆ ಬಾ."